ಬಾಣಬಿರುಸು, ಛಡಿಯೇಟು ಮತ್ತು ಮುಚ್ಚಳಿಕೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ "ನಮ್ಮ ಸೀಮೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಸಾರ್" ಎಂದು ಸಮಿತಿಯ ಹುಡುಗರು ಮನೆಗೆ ಬಂದು ಕೇಳಿದಾಗ ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಕೋಲಾರಮ್ಮನ ಗುಡಿ, ಆವನಿ ಬೆಟ್ಟ, ಗಂಗರ ಕುವಳಾಲಪುರ, ಕೊನೆಗೆ ಚಿನ್ನದ ಗಣಿ. ಈ ಶಾಲೆಯಲ್ಲೇ ಓದಿ, ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಬೇರೆ ಬೇರೆ ಊರುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನಿಗೆ ಅವೆಲ್ಲ ನಾಲಗೆಯ ತುದಿಯಲ್ಲೇ ಇರುತ್ತವೆ. ಆದರೆ ಅವನ್ನು ಬೇರೆಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಬರೆಯಬೇಕೆಂದಿರುವುದು ಪಟಾಕಿಯ ಬಗ್ಗೆ. ಪಟಾಕಿ ಎಂದರೆ ಹಬ್ಬದ ಪಟಾಕಿಯಲ್ಲ; ಹುಡುಗರ ಕೈಗೆ ಸಿಕ್ಕಿ ಕೀಟಲೆಯಾಗುವ ಪಟಾಕಿ. ಆ ಕೀಟಲೆಗೆ ನಮ್ಮ ಹಿರಿಯರೂ ಸರ್ಕಾರವೂ ಕಾಲಕಾಲಕ್ಕೆ ಯಾವ ಶಿಕ್ಷೆ ಕೊಡುತ್ತ ಬಂದರು ಎಂಬುದೂ ಇತಿಹಾಸವೇ. ಅದರಲ್ಲಿ ಈ ಶಾಲೆಯ ನೀರಿನ ತೊಟ್ಟಿಯ ಹಿಂದಿನ ಮೂಲೆಗೂ ಒಂದು ಪಾಲಿದೆ. ಆ ಪಾಲಿನಲ್ಲಿ ನನ್ನದೂ ಇದೆ. ಅದನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ.

ಮದ್ದಿನ ಪುಡಿ ನಮ್ಮ ನಾಡಿಗೆ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಮಹಾನವಮಿಯಲ್ಲಿ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಇಂಥ ಉಲ್ಲೇಖಗಳನ್ನು ಸಂಸ್ಕೃತ, ಮರಾಠಿ, ಪರ್ಷಿಯನ್ ಗ್ರಂಥಗಳಿಂದ ಹೆಕ್ಕಿ ಪುಣೆಯ ವಿದ್ವಾಂಸ ಪಿ.ಕೆ. ಗೋಡೆಯವರು ಭಾರತದ ಬಾಣಬಿರುಸುಗಳ ಚರಿತ್ರೆಯನ್ನೇ ಬರೆದರು. ಅದು 1953ರಲ್ಲಿ ಅಚ್ಚಾದದ್ದು ನಮ್ಮ ಬೆಂಗಳೂರಿನಲ್ಲೇ. ಇನ್ನು ನಮ್ಮ ತಾಲ್ಲೂಕಿನ ಮಟ್ಟಿಗೆ ಹೇಳುವುದಾದರೆ, ಬಂಗಾರಪೇಟೆಯಿಂದ ಬಸ್ಸು ಹತ್ತಿದರೆ ಸಿಗುವ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರ ಪಟ್ಟಣದಲ್ಲಿ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರ ಗಳಕ್ಕೆ ಕಟ್ಟಿ ಹಾರಿಸುವ ಬಾಣಗಳನ್ನು ಹೈದರನೂ ಟಿಪ್ಪುವೂ ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕೆ ಇಳಿಸಿದರು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯ ಮದ್ದಿನ ಬಂಡಿಗಳು ಸಿಡಿದು ಇಂಗ್ಲಿಷರು ಸೋತರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ಬಾಣಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅವನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ಹೆಸರಿನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯ ಹೂಳು ತೆಗೆದಾಗ ಆ ಕಾಲದ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು.

ಇದನ್ನೆಲ್ಲ ತರಗತಿಯಲ್ಲಿ ಹೇಳುವಾಗ ಹುಡುಗರ ಕಣ್ಣು ಅರಳುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬನಾದರೂ "ಸಾರ್, ಅದನ್ನ ಹೆಂಗೆ ಮಾಡೋದು ಸಾರ್?" ಎಂದು ಕೇಳದೆ ಬಿಡುತ್ತಿರಲಿಲ್ಲ. ಆ ಪ್ರಶ್ನೆಗೆ ನಾನು ಉತ್ತರ ಹೇಳುತ್ತಿರಲಿಲ್ಲ. ಕೇಳಿದವನ ಮುಖ ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದೆ.

ಈಗ ಕಾನೂನಿನ ಕಡೆಗೆ ಬರೋಣ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಂದದ್ದು 1864ರಲ್ಲಿ. ಆಗ ಮೈಸೂರಿನ ಕಮಿಷನರಾಗಿದ್ದವರು ಲೂಯಿನ್ ಬೌರಿಂಗ್. ನಮ್ಮ ಊರು ಬೌರಿಂಗ್‌ಪೇಟೆ ಆದದ್ದು ಅವರಿಂದ. ಮುಂದೆ ಗಣಿಗೆ ಇಲ್ಲಿಂದಲೇ ಕವಲು ಹಾದಿ ಹೋಯಿತು, ಕೋಲಾರಕ್ಕೆ ಚಿಕ್ಕ ಹಳಿಯ ರೈಲು ಬಂತು, ಊರು ಜಂಕ್ಷನ್ ಆಯಿತು. ರೈಲು ಬಂದಲ್ಲೆಲ್ಲ ಹುಡುಗರ ಕೀಟಲೆಯೂ ಬರುತ್ತದೆ. ಹಳಿಯ ಮೇಲೆ ಕಾಸು ಇಟ್ಟು ಚಪ್ಪಟೆ ಮಾಡಿಸಿಕೊಳ್ಳದ ಹುಡುಗ ಈ ಊರಿನಲ್ಲಿ ಹುಟ್ಟಿಯೇ ಇಲ್ಲ ಎನ್ನಬಹುದು. ಇನ್ನೊಂದು ಆಕರ್ಷಣೆಯೂ ಇತ್ತು. ಮಂಜು ಕವಿದು ಸಿಗ್ನಲ್ ಕಾಣದಿದ್ದಾಗ ಡ್ರೈವರನಿಗೆ ಎಚ್ಚರಿಕೆ ಕೊಡಲು ರೈಲ್ವೆಯವರು ಹಳಿಗೆ ಒಂದು ಚಪ್ಪಟೆ ಡಬ್ಬಿ ಕಟ್ಟುತ್ತಾರೆ. ಚಕ್ರ ಹತ್ತಿದೊಡನೆ ಅದು ಢಮ್ಮೆನ್ನುತ್ತದೆ. ರೈಲ್ವೆ ನೌಕರರ ಬಾಯಲ್ಲಿ ಅದರ ಹೆಸರೂ ಪಟಾಕಿಯೇ. ದೊಡ್ಡವರು ಹಳಿಗೆ ಪಟಾಕಿ ಕಟ್ಟುವುದನ್ನು ನೋಡಿದ ಹುಡುಗ ತಾನೂ ಒಂದು ಕಟ್ಟಿ ನೋಡೋಣ ಎಂದುಕೊಂಡರೆ ಆಶ್ಚರ್ಯವೇನಿಲ್ಲ.

ನಾನು ಕಾನೂನಿನ ವಿದ್ಯಾರ್ಥಿಯಲ್ಲ. ಆದರೂ 1890ರ ರೈಲ್ವೆ ಕಾಯಿದೆಯನ್ನು ಒಮ್ಮೆ ಓದಿದಾಗ ಅದರ 130ನೆಯ ಕಲಮು ನನ್ನನ್ನು ಹಿಡಿದು ನಿಲ್ಲಿಸಿತು. 1860ರ ದಂಡ ಸಂಹಿತೆಯ ಪ್ರಕಾರ ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರ ಮಗುವಿಗೆ ತಾನು ಮಾಡುತ್ತಿರುವುದು ಏನೆಂದು ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಆಗಲೂ ಅಪರಾಧವಲ್ಲ. ಆದರೆ ರೈಲಿನ ವಿಷಯದಲ್ಲಿ ಸರ್ಕಾರ ಈ ವಿನಾಯಿತಿಯನ್ನು ತೆಗೆದುಹಾಕಿತು. ಹನ್ನೆರಡು ವರ್ಷದೊಳಗಿನ ಮಗು ಪ್ರಯಾಣಿಕರ ಜೀವಕ್ಕೆ ಅಪಾಯವಾಗುವಂಥ ಕೆಲಸ ಮಾಡಿದರೆ ಅದು ಅಪರಾಧವೇ. ಶಿಕ್ಷೆ ಏನು? ಕೋರ್ಟಿನ ಮುಂದೆ ಎರಡು ದಾರಿ. ಗಂಡು ಹುಡುಗನಾದರೆ ಛಡಿಯೇಟು ಕೊಡಿಸಬಹುದು. ಇಲ್ಲವೇ ಹುಡುಗನ ತಂದೆಯಿಂದ ಅಥವಾ ಪೋಷಕನಿಂದ 'ಇವನು ಮತ್ತೆ ಹೀಗೆ ಮಾಡದಂತೆ ನೋಡಿಕೊಳ್ಳುತ್ತೇನೆ, ತಪ್ಪಿದರೆ ಇಷ್ಟು ಹಣ ತೆರುತ್ತೇನೆ' ಎಂದು ಮುಚ್ಚಳಿಕೆ ಬರೆಸಿಕೊಳ್ಳಬಹುದು.

ಹುಡುಗನ ಬೆನ್ನೋ ಅಪ್ಪನ ಸಹಿಯೋ ಎಂಬ ಈ ಪ್ರಶ್ನೆ ಒಂದೇ ಕಲಮಿನಲ್ಲಿ ಅಕ್ಕಪಕ್ಕ ಕೂತಿದೆ. ಆ ಕಾಲದ ಸರ್ಕಾರಕ್ಕೆ ಬೆನ್ನಿನ ಮೇಲೇ ಹೆಚ್ಚು ನಂಬಿಕೆ ಇತ್ತೆಂದು ಕಾಣುತ್ತದೆ. 1864ರಲ್ಲೇ ಛಡಿಯೇಟಿಗೆಂದು ಪ್ರತ್ಯೇಕ ಕಾಯಿದೆ ಬಂದಿತ್ತು, 1909ರಲ್ಲಿ ಅದನ್ನು ಹೊಸದಾಗಿ ಬರೆದರು. ಹುಡುಗರನ್ನು ಜೈಲಿಗೆ ಹಾಕಿದರೆ ಪಳಗಿದ ಕಳ್ಳರ ಸಹವಾಸದಲ್ಲಿ ಕೆಡುತ್ತಾರೆ, ನಾಲ್ಕು ಏಟು ಕೊಟ್ಟು ಮನೆಗೆ ಕಳಿಸುವುದು ದಯೆಯ ಕೆಲಸ ಎಂಬುದು ಅವರ ವಾದ. ವಾದದಲ್ಲಿ ಸ್ವಲ್ಪ ಹುರುಳೂ ಇದೆ. ಇನ್ನೊಂದು ಕಡೆ 1897ರ ಸುಧಾರಣಾ ಶಾಲೆಗಳ ಕಾಯಿದೆ: ಹದಿನೈದರೊಳಗಿನ ಹುಡುಗನನ್ನು ಮೂರರಿಂದ ಏಳು ವರ್ಷ ಮನೆಯಿಂದ ದೂರ ಇಡುವುದು. ಏಟು ಒಂದು ಗಳಿಗೆಯದು, ಸುಧಾರಣಾ ಶಾಲೆ ಇಡೀ ಬಾಲ್ಯದ್ದು. ಎರಡರ ನಡುವೆ ಮುಚ್ಚಳಿಕೆ ಯಾರ ಗಮನಕ್ಕೂ ಬಾರದ ಬಡಪಾಯಿಯಂತೆ ಕೂತಿತ್ತು. ಛಡಿಯೇಟು ನಮ್ಮ ದೇಶದ ಕಾನೂನಿನಿಂದ ಹೋದದ್ದು 1955ರಲ್ಲಿ. ಶಾಲೆಗಳಿಂದ ಹೋಗಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಇನ್ನು ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವವರೆಗೆ ಕೆ.ಜಿ.ಎಫ್. ನಡೆದದ್ದು ಮದ್ದಿನ ಮೇಲೆ. ಬಂಡೆಗೆ ತೂತು ಕೊರೆ, ಮದ್ದು ತುಂಬು, ಸಿಡಿಸು, ಅದಿರು ಎತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು ಹೀಗೆ, ಒಂದೊಂದು ಸಿಡಿತಕ್ಕೆ ಕೆಲವೇ ಅಡಿಯಂತೆ. ನಮ್ಮಪ್ಪ ಅಲ್ಲಿ ಬ್ಲಾಸ್ಟರ್ ಆಗಿದ್ದರು. ಓದು ಬರಹ ಅಷ್ಟಕ್ಕಷ್ಟೇ. ಸಹಿ ಮಾಡುತ್ತಿದ್ದರು, ತಮಿಳು, ತೆಲುಗು, ಕನ್ನಡ ಮೂರೂ ಮಾತಾಡುತ್ತಿದ್ದರು. ಮದ್ದಿನ ವಿಷಯದಲ್ಲಿ ಮಾತ್ರ ಅವರು ವೈದಿಕರಿಗಿಂತ ಮಡಿ. ಮದ್ದು ಬೀಗದ ಪೆಟ್ಟಿಗೆಯಲ್ಲೇ ಹೋಗಬೇಕು, ಕ್ಯಾಪು ಬೇರೆ, ಕಡ್ಡಿ ಬೇರೆ. ಕೊಟ್ಟದ್ದೆಷ್ಟು, ಸುಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬುದಕ್ಕೆ ಲೆಕ್ಕ. ಬತ್ತಿಗೆ ಬೆಂಕಿ ಇಡುವ ಮುಂಚೆ ಆ ಜಾಗಕ್ಕೆ ಬರುವ ಪ್ರತಿ ಹಾದಿಗೂ ಒಬ್ಬ ಕಾವಲಿನವ. ಎಲ್ಲಕ್ಕಿಂತ ಮಿಗಿಲಾದದ್ದು ಮಿಸ್‌ಫೈರ್ ನಿಯಮ: ಸಿಡಿಯಬೇಕಾದದ್ದು ಸಿಡಿಯದಿದ್ದರೆ ಗೊತ್ತಾದ ಹೊತ್ತು ಕಳೆಯುವವರೆಗೆ ಅದರ ಹತ್ತಿರ ಯಾರೂ ಸುಳಿಯಬಾರದು. "ಸಿಡಿದ ಮದ್ದು ಸತ್ತಿರುತ್ತೆ, ಸಿಡಿಯದ ಮದ್ದು ನಿದ್ದೆ ಮಾಡ್ತಿರುತ್ತೆ" ಎಂದು ಅಪ್ಪ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಸಾರಿನ ಜೊತೆ ಆ ಮಾತನ್ನೂ ನಾವು ನುಂಗಿ ಮರೆಯುತ್ತಿದ್ದೆವು.

ಹೀಗೆ ಭೂಮಿಯ ಕೆಳಗೆ ಅಷ್ಟೊಂದು ಕಟ್ಟುನಿಟ್ಟು. ಮೇಲೆ ಲೈನು ಮನೆಗಳಲ್ಲಿ ದೀಪಾವಳಿ ಬಂದರೆ ಅದೇ ಜನರ ಮಕ್ಕಳ ಕೈಗೆ ಲೆಕ್ಕವಿಲ್ಲದ ಪಟಾಕಿ. ತಮಿಳು ಮನೆಗಳಲ್ಲಿ ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ನೀರು ಹಾಕಿಕೊಂಡ ಕೂಡಲೇ ಸರ ಹಚ್ಚಬೇಕು. ಅದನ್ನು ಕೇಳಿ ನಮ್ಮ ಮನೆಗಳಲ್ಲೂ ಏಳುತ್ತಿದ್ದೆವು. ಶಿವಕಾಶಿಯಲ್ಲಿ 1920ರ ದಶಕದಲ್ಲಿ ಬೆಂಕಿಪೆಟ್ಟಿಗೆಯಿಂದ ಶುರುವಾದ ಉದ್ಯಮ 1940ರ ಹೊತ್ತಿಗೆ ಪಟಾಕಿಗೆ ತಿರುಗಿದ ಮೇಲೆ ಪಟಾಕಿ ಬಡವರ ಕೈಗೂ ಎಟುಕುವಂತಾಗಿತ್ತು. ಗಣಿ ಕಾರ್ಮಿಕರ ಎಷ್ಟೋ ಮನೆಗಳು ಬಿದಿರ ತಟ್ಟಿಯವು. ಅಡ್ಡಾದಿಡ್ಡಿ ಹೋದ ಒಂದು ಬಾಣ ಸಾಕು. ಆದ್ದರಿಂದ ಹಿರಿಯರ ಭಯವೆಲ್ಲ ಬಾಣದ ಮೇಲೆ. ಢಮ್ಮೆನ್ನುವ ಬಾಂಬು ನೆಲದಲ್ಲೇ ಇರುತ್ತದಲ್ಲ, ಅದು ಪರವಾಗಿಲ್ಲ ಎಂಬ ಲೆಕ್ಕಾಚಾರ.

ನಮ್ಮ ಕೀಟಲೆಗಳ ಪಟ್ಟಿ ಕೊಟ್ಟರೆ ಈಗಿನ ಹುಡುಗರಿಗೆ ಪಾಠ ಹೇಳಿಕೊಟ್ಟಂತಾದೀತು. ಎರಡು ಮಾತ್ರ ಹೇಳುತ್ತೇನೆ. ನೆಲಕ್ಕೆ ಹೊಡೆದರೆ ಸಿಡಿಯುವ ಈರುಳ್ಳಿ ಬಾಂಬು ಜೇಬಿನಲ್ಲೇ ಸಿಡಿಯುವಂಥದು. ಅಂಥ ಮಿಶ್ರಣವನ್ನು, ಅಂದರೆ ಕ್ಲೋರೇಟಿನ ಜೊತೆ ಗಂಧಕ ಬೆರೆಸುವುದನ್ನು, ಸರ್ಕಾರ 1992ರಲ್ಲಿ ಪೂರ್ತಿ ನಿಷೇಧಿಸಿತು. ವೆಲ್ಡಿಂಗ್ ಅಂಗಡಿಯಿಂದ ಎಗರಿಸಿದ ಕಾರ್ಬೈಡ್ ಚೂರಿನ ಆಟ ಇನ್ನೊಂದು. ಅದು ನಮ್ಮ ಕಾಲಕ್ಕೇ ಮುಗಿಯಿತೆಂದುಕೊಂಡಿದ್ದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಕಾರ್ಬೈಡ್ ಗನ್ನು ಎಂಬ ಆಟಿಕೆಯಿಂದ ನೂರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳು, ಕಣ್ಣಿಗೆ ಪೆಟ್ಟು ಮಾಡಿಕೊಂಡ ಸುದ್ದಿ ಓದಿದಾಗ ಪತ್ರಿಕೆ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

1979ರ ಸಂಗತಿ. ನಾನು ಒಂಬತ್ತನೆಯ ತರಗತಿ. ಗಣಿಯ ಕಡೆಯಿಂದ ಕನ್ನಡ ಮಾಧ್ಯಮಕ್ಕೆಂದು ರೈಲಿನಲ್ಲಿ ಬರುತ್ತಿದ್ದ ಹತ್ತಾರು ಹುಡುಗರಲ್ಲಿ ನಾವು ಮೂವರು ಒಂದು ಗುಂಪು. ದೀಪಾವಳಿ ಕಳೆದು ಎರಡು ವಾರವಾಗಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಉಳಿದ ಬಾಂಬುಗಳನ್ನು ಬಿಡಿಯಾಗಿ ಮಾರುತ್ತಿದ್ದರು. ಕಡಲೆಕಾಯಿಗೆಂದು ಕೊಟ್ಟ ಕಾಸಿನಲ್ಲಿ ಒಂದು ಕೊಂಡೆವು. ಕೊಟ್ಟವರು ಏಕೆ, ಏನು ಎಂದು ಕೇಳಲಿಲ್ಲ. ಊದುಬತ್ತಿ ನಮ್ಮ ಮನೆಯ ದೇವರ ಗೂಡಿನದು, ತಂದವನು ನಾನು. ತೊಟ್ಟಿಯ ಹಿಂದೆ ಬಾಂಬಿಟ್ಟು, ಮೇಲೆ ಡಾಲ್ಡಾ ಡಬ್ಬಿ ಕವುಚಿ, ಗಣಿತದ ಪೀರಿಯಡ್ಡಿನ ನಡುವೆ ಸದ್ದಾಗಬೇಕು ಎಂಬುದು ನಮ್ಮ ಯೋಜನೆ. ಗಣಿತದ ಪೀರಿಯಡ್ ಮುಗಿಯಿತು, ಸದ್ದಿಲ್ಲ. ಹೋಗಿ ನೋಡೋಣ ಎಂದು ಒಬ್ಬ, ಬೇಡ ಎಂದು ಇನ್ನೊಬ್ಬ. ಅಪ್ಪನ ಮಾತು ನನಗೆ ನೆನಪಿಗೆ ಬಂತು. ನಿಜವಾಗಿ ನೆನಪಿಗೆ ಬಂತು. "ಹತ್ರ ಹೋಗಬಾರದು" ಎಂದು ಅವರಿಬ್ಬರನ್ನೂ ತಡೆದವನು ನಾನೇ. ಆದರೆ ಹಾದಿಗೆ ಕಾವಲು ನಿಲ್ಲಿಸಬೇಕೆಂಬ ಇನ್ನರ್ಧ ನಿಯಮ ನೆನಪಾಗಲಿಲ್ಲ. ನೀರು ಕುಡಿಯಲು ಬಂದ ಎಂಟನೆಯ ತರಗತಿಯ ಹುಡುಗ ಕವುಚಿದ ಡಬ್ಬಿ ಕಂಡು ಎತ್ತಿದ.

ಅವನ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಗಣ್ಣಿನ ದೃಷ್ಟಿ ಅರೆಬರೆ ಉಳಿಯಿತು.

ಆ ದಿನವೇ ನನ್ನ ಇಬ್ಬರು ಗೆಳೆಯರು ಸಿಕ್ಕಿಬಿದ್ದರು; ಬಾಂಬು ಕೊಳ್ಳುವಾಗ ಅವರನ್ನು ನೋಡಿದವರಿದ್ದರು. ಮಾರನೆಯ ದಿನ ಪ್ರಾರ್ಥನೆಯಲ್ಲಿ, ಇಡೀ ಶಾಲೆಯ ಮುಂದೆ, ಇಬ್ಬರಿಗೂ ಬೆತ್ತದಲ್ಲಿ ಹನ್ನೆರಡು ಹನ್ನೆರಡು ಏಟು. ಅವರು ನನ್ನ ಹೆಸರು ಹೇಳಲಿಲ್ಲ. ನಾನು ಸಾಲಿನಲ್ಲಿ ನಿಂತು ಏಟುಗಳನ್ನು ಎಣಿಸಿದೆ. ಈ ಏಟಿನಿಂದ ಆದದ್ದೇನು ಎಂದು ಮುಂದೆ ಮೇಷ್ಟ್ರಾದ ಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ವಾರ ಅವರಿಬ್ಬರೂ ಶಾಲೆಯಲ್ಲಿ ವೀರರಾದರು. ಅಂಗೈಯ ಬಾಸುಂಡೆ ನೋಡಲು ಕಿರಿಯರು ಸಾಲುಗಟ್ಟಿದರು. ಆಸ್ಪತ್ರೆಯಲ್ಲಿದ್ದ ಹುಡುಗನ ಮಾತೇ ಮರೆಯಾಯಿತು. ಅಪರಾಧ ಮಾಡಿದವರು ಏಟು ತಿಂದರು, ಲೆಕ್ಕ ಮುಗಿಯಿತು ಎಂದು ಎಲ್ಲರಿಗೂ ಅನ್ನಿಸಿತು. ಮೂರನೆಯವನಾದ ನಾನು ಸುಳ್ಳುಗಾರನಾಗಿ ಉಳಿದೆ.

ಅಪ್ಪನಿಗೆ ಹೇಗೆ ತಿಳಿಯಿತೆಂದರೆ, ಗೆಳೆಯರಲ್ಲಿ ಒಬ್ಬನ ತಂದೆ ಅದೇ ಗಣಿಯಲ್ಲಿದ್ದರು. ಪಾಳಿ ಮುಗಿಸಿ ಮೇಲೆ ಬರುವಾಗ ಅವರು ಕೇಳಿದ್ದರಂತೆ: "ನಿನ್ ಮಗನೂ ಜೊತೇಲಿ ಇರ್ತಾನಲ್ಲಪ್ಪಾ, ಅವನಿಗೆ ಏಟು ಬೀಳಲಿಲ್ವಾ?" ಮನೆಗೆ ಬಂದ ಅಪ್ಪ ನನ್ನನ್ನು ಹೊಡೆಯಲಿಲ್ಲ. ದೇವರ ಗೂಡಿನ ಊದುಬತ್ತಿಯ ಕಟ್ಟು ತೆಗೆದು ನನ್ನ ಮುಂದಿಟ್ಟರು. ಅಷ್ಟೇ. ಮಾರನೆಯ ದಿನ ರಜೆ ಹಾಕಿ ನನ್ನ ಜೊತೆ ರೈಲು ಹತ್ತಿದರು. ಹೆಡ್‌ಮೇಷ್ಟ್ರ ಮುಂದೆ ನಿಂತು, "ಮೂರನೆಯವನು ಇವನು ಸಾರ್. ಮದ್ದಿನ ಕೆಲಸ ನನ್ನದು. ಮನೇಲಿ ಹೇಳಿಕೊಡಬೇಕಾದವನು ನಾನು," ಎಂದರು.

ಹೆಡ್‌ಮೇಷ್ಟ್ರು ಬೆತ್ತ ತೆಗೆಯಲಿಲ್ಲ. ಬಹುಶಃ ಅವರಿಗೂ ಆ ಹನ್ನೆರಡು ಏಟು ಸಾಕೆನ್ನಿಸಿತ್ತು. ಗೆರೆ ಹಾಕಿದ ಹಾಳೆಯೊಂದನ್ನು ಕೊಟ್ಟು ಮುಚ್ಚಳಿಕೆ ಬರೆದುಕೊಡಿ ಎಂದರು. ಅಪ್ಪನಿಗೆ ಬರೆಯಲು ಬಾರದು, ಬರೆದವನು ನಾನೇ. 'ನನ್ನ ಮಗನು ಇನ್ನು ಮುಂದೆ' ಎಂದು ಅಪ್ಪನ ಪರವಾಗಿ, ನನ್ನ ಬಗ್ಗೆ, ನನ್ನ ಕೈಯಲ್ಲೇ. ಕೆಳಗೆ ಅಪ್ಪ ಸಹಿ ಹಾಕಿದರು. ಪಕ್ಕದಲ್ಲಿ ಒಂದು ಶರತ್ತನ್ನು ಅವರಾಗಿಯೇ ಸೇರಿಸಿದರು: ಆ ಹುಡುಗನ ಕೈ ವಾಸಿಯಾಗುವ ತನಕ ಅವನ ನೋಟ್ಸನ್ನೆಲ್ಲ ನನ್ನ ಮಗನೇ ಬರೆದುಕೊಡಬೇಕು.

ನವೆಂಬರಿನಿಂದ ಮಾರ್ಚಿಯ ಪರೀಕ್ಷೆ ತನಕ ಬರೆದೆ. ಎಂಟನೆಯ ತರಗತಿಯ ಪಾಠ ನನಗೆ ಎರಡು ಸಲ ಆಯಿತು. ಅದರ ಸಮಾಜ ಪುಸ್ತಕ ಈಗಲೂ ಅರ್ಧ ಬಾಯಿಪಾಠ. ಮೊದಲ ತಿಂಗಳು ಅವನ ತಾಯಿ ನನ್ನನ್ನು ಒಳಗೆ ಬಿಡಲಿಲ್ಲ. ಜಗಲಿಯಲ್ಲಿ ಕೂತು ಬರೆದು, ಪುಸ್ತಕವನ್ನು ಹೊಸ್ತಿಲ ಮೇಲಿಟ್ಟು ಬರುತ್ತಿದ್ದೆ. ಸಂಕ್ರಾಂತಿಯ ದಿನ ಆಯಮ್ಮ ಒಂದು ತಟ್ಟೆಯಲ್ಲಿ ಎಳ್ಳು ಬೆಲ್ಲ ತಂದು ಜಗಲಿಯ ಮೇಲಿಟ್ಟರು. ಮಾತಾಡಲಿಲ್ಲ. ಅವರ ಮಗನ ಬ್ಯಾಂಡೇಜು ಬದಲಾಯಿಸುವುದನ್ನು ನಾನು ನೋಡುತ್ತಿದ್ದೆ. ಬೆತ್ತದ ಏಟು ತಿಂದ ನನ್ನ ಗೆಳೆಯರು ಅದನ್ನು ಒಂದು ಸಲವೂ ನೋಡಲಿಲ್ಲ. ಅವರಿಗೆ ನೋಡು ಎಂದು ಯಾರೂ ಹೇಳಲಿಲ್ಲ. ಅವರು ನನಗಿಂತ ಕೆಟ್ಟವರಾಗಿರಲಿಲ್ಲ. ಹೆಸರು ಹೇಳದೆ ನನ್ನನ್ನು ಉಳಿಸಿದವರು ಅವರು.

ಪೊಲೀಸರಿಗೆ ಹೋಗಿದ್ದರೆ ಏನಾಗುತ್ತಿತ್ತು? ಸಿಡಿಮದ್ದನ್ನು ಅಜಾಗರೂಕತೆಯಿಂದ ಬಳಸಿದ್ದಕ್ಕೆ ದಂಡ ಸಂಹಿತೆಯ 286ನೆಯ ಕಲಮು: ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. 1860ರಲ್ಲಿ ಸಾವಿರ ರೂಪಾಯಿಗೆ ಹೊಲ ಬರುತ್ತಿತ್ತು. ಅದೇ ಸಾವಿರ 2024ರ ಜೂನ್ ತನಕ ಹಾಗೇ ಇತ್ತು. ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯ 288ನೆಯ ಕಲಮಿನಲ್ಲಿ ಐದು ಸಾವಿರವಾಗಿದೆ. ನಾವು ಹದಿನಾಲ್ಕರ ಹುಡುಗರಾದ್ದರಿಂದ ನಮ್ಮ ರಾಜ್ಯದ 1964ರ ಮಕ್ಕಳ ಕಾಯಿದೆ ಅನ್ವಯಿಸುತ್ತಿತ್ತು. ಆಮೇಲೆ 1986, 2000, 2015ರಲ್ಲಿ ಬಾಲ ನ್ಯಾಯ ಕಾಯಿದೆಗಳು ಬಂದವು. ಈಗಿನ ಕಾಯಿದೆಯ 18ನೆಯ ಕಲಮನ್ನು ನಾನು ಮೆಚ್ಚಿ ಓದಿದ್ದೇನೆ. ಬುದ್ಧಿ ಹೇಳಿ ಕಳಿಸಬಹುದು, ಆಪ್ತ ಸಮಾಲೋಚನೆಗೆ ಹಚ್ಚಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡವನ್ನು ತಂದೆ ತಾಯಿಯಿಂದ ಕಟ್ಟಿಸಬಹುದು, ಸನ್ನಡತೆಯ ಮೇಲೆ ಪೋಷಕರ ವಶಕ್ಕೆ ಕೊಡಬಹುದು, ಕೊನೆಯ ದಾರಿಯಾಗಿ ವಿಶೇಷ ಗೃಹ. 1890ರ ಕಲಮಿನ ಛಡಿ ಸತ್ತಿದೆ. ಬಡಪಾಯಿ ಮುಚ್ಚಳಿಕೆ ಹೊಸ ಬಟ್ಟೆ ತೊಟ್ಟು ಬದುಕಿದೆ.

ಮುಚ್ಚಳಿಕೆಯನ್ನು ನಾನು ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ಅದು ಕೈಕೊಟ್ಟದ್ದನ್ನೂ ಕಂಡಿದ್ದೇನೆ. ನಾನು ಮೇಷ್ಟ್ರಾಗಿದ್ದ ಒಂದು ಊರಿನಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಏಟು ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದ ಮೇಲಿನ ಮಾತು, ಹುಡುಗನೊಬ್ಬ ಹೆಣ್ಣುಮಕ್ಕಳ ಸಾಲಿನತ್ತ ಪಟಾಕಿ ಎಸೆದ. ಯಾರಿಗೂ ಗಾಯವಾಗಲಿಲ್ಲ. ನನ್ನ ಅಪ್ಪನನ್ನು ನೆನೆದು ಆ ಹುಡುಗನ ತಂದೆಯನ್ನು ಕರೆಸಿದೆ. ಬಂದವರು ನನ್ನ ಮಾತು ಮುಗಿಯುವ ಮುಂಚೆಯೇ ಬೆಲ್ಟು ಬಿಚ್ಚಿದರು. ತಡೆಯಲು ಹೋದ ನನ್ನ ಮೊಣಕೈಗೂ ಒಂದು ಬಿತ್ತು. ಹುಡುಗ ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ಸಹಿ ಹಾಕಿಸುವ ಮುಂಚೆ ಸಹಿ ಹಾಕುವ ಕೈ ಎಂಥದ್ದು ಎಂದು ವಿಚಾರಿಸಬೇಕಿತ್ತು. ನಾನು ವಿಚಾರಿಸಲಿಲ್ಲ.

ದೊಡ್ಡವರ ಕೀಟಲೆ ಇನ್ನೂ ಭಯಂಕರ. 2024ರ ಅಕ್ಟೋಬರ್ 31, ದೀಪಾವಳಿಯ ರಾತ್ರಿ, ಬೆಂಗಳೂರಿನ ಕೋಣನಕುಂಟೆಯಲ್ಲಿ ಸ್ನೇಹಿತರು ಒಬ್ಬ ಯುವಕನಿಗೆ ಪಂದ್ಯ ಕಟ್ಟಿದರು: ಪಟಾಕಿ ಇಟ್ಟ ಡಬ್ಬದ ಮೇಲೆ ಕೂತರೆ ಆಟೊರಿಕ್ಷಾ ಕೊಡಿಸುತ್ತೇವೆ ಎಂದು. ಅವನು ಕೂತ, ಅವರು ಬತ್ತಿ ಹಚ್ಚಿ ದೂರ ಓಡಿದರು. ನವೆಂಬರ್ 2ರಂದು ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಆರು ಮಂದಿಯನ್ನು ಪೊಲೀಸರು ಹಿಡಿದರು. ಆ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿ ಊರೆಲ್ಲ ನೋಡಿತು. ಸದ್ದಾದ ಮೇಲೆ ಒಂದು ಕ್ಷಣ ಅವನು ಹಾಗೇ ಕೂತಿರುತ್ತಾನೆ, ಗೆಳೆಯರು ಏನೂ ಆಗಿಲ್ಲವೆಂಬಂತೆ ಹತ್ತಿರ ಓಡಿ ಬರುತ್ತಾರೆ. ಗಣಿಯಲ್ಲಿ ಆಗಿದ್ದರೆ ಹಾದಿಗೊಬ್ಬ ಕಾವಲಿನವ ಇರುತ್ತಿದ್ದ. ಇಲ್ಲಿ ಸುತ್ತ ನಿಂತವರೆಲ್ಲ ಪ್ರೇಕ್ಷಕರು. ಇವರು ಮಕ್ಕಳಲ್ಲ, ಇವರಿಗೆ ಮುಚ್ಚಳಿಕೆಯ ದಾರಿಯೂ ಇಲ್ಲ. ಕೋರ್ಟು ತೀರ್ಮಾನಿಸಬೇಕು.

ಅದಕ್ಕೂ ಒಂದು ವರ್ಷ ಹಿಂದೆ, 2023ರ ಅಕ್ಟೋಬರ್ 7ರಂದು, ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅದು ಕೀಟಲೆಯಲ್ಲ, ವ್ಯಾಪಾರ. ಆದರೂ ಇಲ್ಲಿ ಏಕೆ ಹೇಳುತ್ತಿದ್ದೇನೆಂದರೆ, ಮದ್ದಿನ ಅನಾಹುತದಲ್ಲಿ ನಾವು ಯಾವಾಗಲೂ ಕಿಡಿ ಇಟ್ಟ ಕೈಯನ್ನು ಹುಡುಕುತ್ತೇವೆ. ಮದ್ದನ್ನು ಅಲ್ಲಿ ರಾಶಿ ಹಾಕಿದ ಕೈಯನ್ನು ಹುಡುಕುವುದು ಹೆಣಗಳು ಬಿದ್ದ ಮೇಲೆ. ಎರಡು ವಾರ ಹಳೆಯ ಬಾಂಬನ್ನು ಚಡ್ಡಿ ತೊಟ್ಟ ಹುಡುಗರಿಗೆ ಬಿಡಿಯಾಗಿ ಮಾರಿದವರನ್ನು 1979ರಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ನಮ್ಮಪ್ಪ ಒಬ್ಬರೇ ಹೋಗಿ ಕೇಳಿದರು. "ನಿಮ್ಮ ಹುಡುಗನ್ನ ನೀವು ನೋಡ್ಕೊಳ್ರೀ" ಎಂಬ ಉತ್ತರ ಬಂತು. ಸುಪ್ರೀಂ ಕೋರ್ಟು 2005ರಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಪಟ ಪಟ ಸದ್ದು ಬೇಡವೆಂದಿತು, 2018ರಲ್ಲಿ ದೀಪಾವಳಿಯಂದು ಎಂಟರಿಂದ ಹತ್ತು, ಅದೂ ಹಸಿರು ಪಟಾಕಿ ಮಾತ್ರ ಎಂದಿತು. ಗಡಿಯಾರಕ್ಕೆ ನಿಯಮ ಬಂತು. ನಾಲ್ಕು ಅಡಿಯ ಹುಡುಗ ಅಂಗಡಿಯ ಮುಂದೆ ಕೈಚಾಚಿದಾಗ ಏನಾಗುತ್ತದೆಂಬುದು ಮಾತ್ರ ಕೊನೆಗೆ ನಿಲ್ಲುವುದು ಅಂಗಡಿಯವರ ಮನಸ್ಸಾಕ್ಷಿಯ ಮೇಲೆ. ಮಿಂಟೊ ಕಣ್ಣಿನ ಆಸ್ಪತ್ರೆಯವರು ಪ್ರತಿ ದೀಪಾವಳಿಗೂ ಹಾಸಿಗೆ ಸಿದ್ಧ ಮಾಡಿಕೊಂಡು ಕಾಯುತ್ತಾರೆ. ಅವರ ಹಾಸಿಗೆ ಒಂದು ವರ್ಷವೂ ಖಾಲಿ ಉಳಿದದ್ದು ನಾನು ಕೇಳಿಲ್ಲ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದವರೂ ಇರುತ್ತಾರೆ, ನೀರು ಕುಡಿಯಲು ಬಂದ ಹುಡುಗನ ಹಾಗೆ.

ಈ ಲೇಖನ ಕೊಡುವ ಮುಂಚೆ ಅವನನ್ನು ಹುಡುಕಿಕೊಂಡು ಹೋದೆ. ಹುಡುಕುವುದೇನು, ನನಗೆ ವಿಳಾಸ ಗೊತ್ತೇ ಇತ್ತು. ಹೋಗಲು ಕಾಲು ಬರುತ್ತಿರಲಿಲ್ಲ ಅಷ್ಟೆ. ಅವನಿಗೂ ಈಗ ಅರವತ್ತರ ಹತ್ತಿರ, ಮೊಮ್ಮಗಳಿದ್ದಾಳೆ. ಬರೆದದ್ದನ್ನು ಓದಿ ಹೇಳಿದೆ. ಅರ್ಧ ಕಾಣುವ ಕಣ್ಣಿಗೆ ಈಗ ಪೊರೆಯೂ ಬಂದಿದೆಯಂತೆ, ಓದಲಾಗುವುದಿಲ್ಲ. ಕೇಳಿಸಿಕೊಂಡು, "ನನ್ ಹೆಸರು ಬೇಡ, ಮಿಕ್ಕಿದ್ದು ಹಾಕೋ" ಎಂದ. ಆಮೇಲೆ ಸ್ವಲ್ಪ ತಡೆದು, "ಆದರೆ ಒಂದು ತಪ್ಪು ಬರೆದಿದ್ದೀಯ. ಅದು ಡಾಲ್ಡಾ ಡಬ್ಬಿ ಅಲ್ಲ ಕಣೋ. ಹಾಲಿನ ಪುಡಿ ಡಬ್ಬಿ. ಮೇಲೆ ಮಗುವಿನ ಚಿತ್ರ ಇತ್ತು. ಅದನ್ನ ನೋಡಿಯೇ ನಾನು ಎತ್ತಿದ್ದು" ಎಂದ.

ನನಗೆ ಈಗಲೂ ಹಳದಿ ಬಣ್ಣದ ಡಾಲ್ಡಾ ಡಬ್ಬಿಯೇ ಕಣ್ಣಿಗೆ ಕಟ್ಟಿದಂತಿದೆ. ನಾವು ಅದನ್ನು ಕವುಚಿ ಓಡಿದವರು, ಅವನು ಬಗ್ಗಿ ನೋಡಿದವನು. ಹಾಲಿನ ಪುಡಿಯ ಡಬ್ಬಿ ಎಂದು ಓದಿಕೊಳ್ಳಿ.